ಎಡಗೈಯ ಸುತ್ತು

ಅದು ಎದುರು ದಿಕ್ಕಿಗೆ ಹೋಗುತ್ತಿದೆ, ಆ ಬಿಳಿಯ ಟೇಪು, ಬಿಸಿಲು ತಾಗಿದಾಗ ಒಮ್ಮೆ ಮಿನುಗಿ ಮತ್ತೆ ಇಲ್ಲವಾಗುತ್ತದೆ, ನಳದ ತಿರುಪಿನ ಹಲ್ಲುಗಳ ಮೇಲೆ ಒಂದು ಸುತ್ತು, ಅದರ ಮೇಲೆ ಇನ್ನೊಂದು, ಎಡಗೈ ಎಷ್ಟು ಶ್ರದ್ಧೆಯಿಂದ ಸುತ್ತುತ್ತಿದೆ, ಎಷ್ಟು ಒಪ್ಪವಾಗಿ, ಮತ್ತು ಎಷ್ಟು ಪೂರ್ತಿಯಾಗಿ ತಪ್ಪು — ಹಿತ್ತಾಳೆಯ ನಳವನ್ನು ಎರಡು ಮೊಣಕಾಲುಗಳ ನಡುವೆ ಅವುಚಿಕೊಂಡು ಕುಳಿತಿದ್ದಾರೆ ಇವರು, ನನ್ನ ಗಂಡ, ಬಲಗೈ ತೊಡೆಯ ಮೇಲಿದೆ, ಯಾರೋ ತಮ್ಮ ವಸ್ತುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿರೆಂದು ಇಟ್ಟುಹೋದ ಹಾಗೆ, ಲಕ್ವಾ ಹೊಡೆದ ಮೇಲೆ ಇದೇ ಮೊದಲ ಹೊರಗಿನ ಕೆಲಸ, ಮಾಡಗ್ಯಾಳದ ಆಚೆ ಸಂಗವ್ವನ ಹೊಲದ ನೀರಿನ ಟಾಕಿ, ಇಲ್ಲಿ ಸೋರಿತೆಂದರೆ ಇನ್ನು ಯಾರೂ ಇವರನ್ನು ಮಿಸ್ತ್ರಿ ಎನ್ನುವುದಿಲ್ಲ, ಪಾಪ ಎನ್ನುತ್ತಾರೆ, ಹೇಳಿಬಿಡಲೇ, ರೀ, ತಿರುವಿ ಸುತ್ರಿ, ನಾಲಿಗೆಯ ತುದಿಯಲ್ಲೇ ಇದೆ, ಆದರೆ ಸಂಗವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಲ್ಲೇ ನಿಂತಿದ್ದಾಳೆ, ಏನ್ ಪೀರಸಾಬಾ, ನಳ ಹಚ್ಚಾಕ ಬಂದಿಯೋ, ಅದಕ್ಕ ರುಮಾಲ ಸುತ್ತಾಕ ಬಂದಿಯೋ, ಇವರ ತುಟಿ ಒಂದೇ ಕಡೆಗೆ ಎದ್ದು ನಗುತ್ತದೆ, ನಿಮ್ಮ ಕುರಿ ಮುಂದ ಬರಿ ತಲ್ಯಾಗ ನಿಲ್ಲಬಾರದಲ್ರಿ ಅವ್ವಾ, ಮಾತು ತೊದಲಿದರೂ ಹಾಸ್ಯ ನೆಟ್ಟಗಿದೆ, ಸಂಗವ್ವ ನಗುತ್ತಾಳೆ, ನಳದ ಕೆಳಗಿನ ಖಾಲಿ ಕಲ್ಲುದೋಣಿಯ ಸುತ್ತ ಎತ್ತರದ ಗಿಣಿಮೂಗಿನ ಕುರಿಗಳು ನಿಂತು ನೀರಿಗೆ ಕಾಯುತ್ತಿವೆ, ಸಂಗವ್ವ ಮತ್ತೆ ಶುರುಮಾಡುತ್ತಾಳೆ, ನನ್ನ ಮಗ ಅಂದ, ಆ ಹೊಸಾ ಮಿಸ್ತ್ರಿ ಸೋಮನಾಥನ್ನ ಕರೀತೀನಿ, ಫಟಫಟಿ ಮ್ಯಾಲ ಲಗೂನ ಬರತಾನಂತ, ನಾ ಅಂದೆ, ಈ ಟಾಕಿಗಿ ಮೊದಲ ನೀರ ತಂದಾಂವ ಪೀರಸಾಬ, ಅವನ ಕೈಲೇನ ಆಗ್ಲಿ — ಆ ಕೈ ಇದಲ್ಲ ಅವ್ವಾ, ಆ ಕೈ ತೊಡೆಯ ಮೇಲಿದೆ.

ಇವರಿಗೆ ತಿಳಿಯದ್ದೇನಲ್ಲ, ನನಗೆ ಕಲಿಸಿದವರೇ ಇವರು, ಮದುವೆಯ ಹೊಸತರಲ್ಲಿ, ಸೋನ್ಯಾಳದ ಮನೆಯ ಹಿತ್ತಲಲ್ಲಿ, ಹಲ್ಲಿನ ತುದಿ ನಿನ್ನ ಮಾರಿ ಕಡೆ ಹಿಡಿ, ಗಡಿಯಾರದ ಮುಳ್ಳು ಹ್ಯಾಂಗ ಹೋಗ್ತದ ಹಾಂಗ ಸುತ್ತು, ಉಲ್ಟಾ ಸುತ್ತಿದಿ ಅಂದ್ರ ಬಿಗಿಯುವಾಗ ಎಲ್ಲಾ ಬಿಚ್ಕೋತದ, ಎಂದು ನನ್ನ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನಿಟ್ಟು ತಿರುಗಿಸಿದ್ದರು, ಅದು ಪಾಠವೋ ನೆಪವೋ ಇಬ್ಬರಿಗೂ ಗೊತ್ತಿತ್ತು, ಒಳಗಿನಿಂದ ಮಾವ ಕೆಮ್ಮಿದ್ದರು, ಮಾವನ ಕಾಲಕ್ಕೆ ಟೇಪು ಇರಲಿಲ್ಲ, ಸೆಣಬಿನ ಎಳೆ ಸುತ್ತಿ ಮೇಲೆ ಸಫೇದಾ, ಎಣ್ಣೆಯಲ್ಲಿ ಕಲಸಿದ ಬಿಳಿಯ ಬಣ್ಣ, ಬಳಿಯುವುದು, ಆ ಎಣ್ಣೆಯ ವಾಸನೆ ಮಣ್ಣಾಗುವವರೆಗೂ ಅವರ ಅಂಗಿಯನ್ನು ಬಿಡಲಿಲ್ಲ, ಮನೆಯ ಕಸುಬಿಗೆ ಅವರು ಹಾಕಿಕೊಟ್ಟ ಕಟ್ಟಳೆಯೊಂದಿತ್ತು, ಸುತ್ತಿದವರೇ ಪಾನಾ ಹಿಡಿದು ಬಿಗಿಯಬೇಕು, ನಡುವೆ ಇನ್ನೊಬ್ಬರು ಮುಟ್ಟಬಾರದು, ಎಷ್ಟು ಸುತ್ತಿದೆ ಎಂಬುದನ್ನು ಸುತ್ತಿದ ಕೈಯೇ ಬಲ್ಲದು, ಎಲ್ಲಿ ನಿಲ್ಲಿಸಬೇಕೆಂಬುದೂ ಅದಕ್ಕೇ ತಿಳಿಯುತ್ತದೆ, ಇವರು ಆ ಕಟ್ಟಳೆಯನ್ನು ಒಮ್ಮೆಯೂ ಮೀರಿದವರಲ್ಲ — ಆದರೆ ಕೈ ಬದಲಾದರೆ ಗಡಿಯಾರವೇ ಬದಲಾಗುತ್ತದೆಂದು ಮಾವ ಹೇಳಿರಲಿಲ್ಲ, ಬಲಗೈ ತನ್ನಿಂದ ಆಚೆಗೆ ತಳ್ಳುತ್ತ ಸುತ್ತುತ್ತಿತ್ತು, ಎಡಗೈಯೂ ತನ್ನಿಂದ ಆಚೆಗೇ ತಳ್ಳುತ್ತದೆ, ಕನ್ನಡಿಯೊಳಗಿನ ಮನುಷ್ಯನ ಹಾಗೆ, ಕೈಗೆ ಅದು ಹಳೆಯ ಅಭ್ಯಾಸ, ಟೇಪಿಗೆ ಉಲ್ಟಾ, ನಮ್ಮ ಅಡಿಗೆಮನೆಯ ನಳಕ್ಕೂ ಹೀಗೆಯೇ ಸುತ್ತಿ ಆಯಾಸದಿಂದ ಹೋಗಿ ಮಲಗಿದ್ದರು, ನಳದ ಕೊರಳಿನಿಂದ ಹನಿ ಇಳಿಯುತ್ತಿತ್ತು, ನಾನು ಸದ್ದಾಗದಂತೆ ಬಿಚ್ಚಿ, ಅವರ ಸುತ್ತನ್ನು ಉಗುರಿನಿಂದ ಕೆರೆದು ತೆಗೆದು, ನನ್ನದನ್ನು ಸುತ್ತಿ ಬಿಗಿದಿದ್ದೆ, ಎದ್ದು ಬಂದಾಗ, ಒಂದ ಹನೀನೂ ಇಲ್ಲ ನೋಡ್ರಿ, ಅಂದೆ, ನಳವನ್ನು ನೋಡಿದರು, ನನ್ನನ್ನು ನೋಡಿದರು, ಚಲೋ ಆತು, ಅಂದರು, ಮರುದಿನವೇ ಪಾನಾಗಳ ಚೀಲ ಎಲ್ಲಿದೆ ಎಂದು ಕೇಳಿದರು, ಎಷ್ಟೋ ತಿಂಗಳ ಮೇಲೆ ಗಡ್ಡ ತೀಡಿಸಿಕೊಂಡರು, ಆ ಮುಖವನ್ನು ನೋಡುತ್ತ ನಾನು ಹೇಗೆ ಹೇಳಲಿ, ಈಗಲೂ ಹೇಗೆ ಹೇಳಲಿ —

ಪಾನಾ ಕಚ್ಚಿತು, ಎಡಗೈ ಬಿಗಿಯುತ್ತಿದೆ, ಕುತ್ತಿಗೆಯ ನರ ಉಬ್ಬುತ್ತಿದೆ, ಪೈಪಿನ ಬಾಯಿಂದ ಟೇಪು ಸುರುಳಿಸುರುಳಿಯಾಗಿ ಹೊರಗೆ ಬರುತ್ತಿದೆ, ಗಾಯಕ್ಕೆ ಕಟ್ಟಿದ ಬಟ್ಟೆ ತಾನಾಗಿ ಸಡಿಲಿದಂತೆ, ನಾನು ಬೇರೆ ಕಡೆ ನೋಡಬೇಕು, ನೋಡಲಾರೆ, ಸಂಗವ್ವ ವಾಲ್ವು ತೆರೆದಳು, ಪೈಪಿನೊಳಗೆ ನೀರು ಗೊರಕೆಯಂತೆ ಸದ್ದು ಮಾಡಿ ಬಂತು, ನಳದ ಕೊರಳಲ್ಲಿ ಹನಿ ಮೂಡಿತು, ದಪ್ಪವಾಯಿತು, ಬಿತ್ತು, ಅದರ ಹಿಂದೆ ಇನ್ನೊಂದು, ಸಂಗವ್ವ ಈಗ ಚುಚ್ಚಲಿ, ಅಲ್ಲಾ, ಒಂದು ಮಾತು ಚುಚ್ಚಲಿ, ಬೈದರೂ ಆದೀತು — ಇರಲಿ ಬಿಡೋ ತಮ್ಮಾ, ಮರಿಗೋಳಿಗಿ ಹೆಂಗೂ ನೀರ ಬೇಕಲ್ಲ, ಕೆಳಗೊಂದ ಗಡಗಿ ಇಟ್ರ ಆತು, ತಮ್ಮಾ ಎಂದಳು, ಇಷ್ಟು ಮೆತ್ತಗೆ ಈ ಹೆಂಗಸು ಯಾರನ್ನೂ ಕರೆದದ್ದಿಲ್ಲ, ಗಡಿಗೆ ತರಲು ಗುಡಿಸಲಿನತ್ತ ಹೊರಟಳು, ಇವರು ಅವಳ ಬೆನ್ನನ್ನು ನೋಡುತ್ತ ಕುಳಿತರು, ಆಮೇಲೆ ವಾಲ್ವು ಮುಚ್ಚಿ, ನಳವನ್ನು ಬಿಚ್ಚಿ, ನುಜ್ಜಾದ ಟೇಪನ್ನು ಹಲ್ಲಿನಿಂದ ಎಳೆದು ಉಗುಳಿ ನಳವನ್ನು ನನ್ನ ಕಡೆ ಚಾಚಿದರು, ಸಕೀನಾ, ಹಿಡಿ, ಏನ್ ಹಿಡೀಲಿ, ಅಂದೆ, ಅರಿಯದವಳ ಹಾಗೆ, ಅಡಿಗಿಮನ್ಯಾಗ ಮಾಡಿದ್ದಿಯಲ್ಲ, ಹಾಂಗ ಮಾಡು — ನನ್ನ ಕಿವಿ ಬಿಸಿಯಾಯಿತು, ನಿಮಗ ಗೊತ್ತಿತ್ತೇನ್ರಿ, ಆವತ್ತ ಗೊತ್ತಾತು, ನಿನ್ನ ಸುತ್ತು ನನಗ ತಿಳಿಯಂಗಿಲ್ಲೇನು, ಮತ್ತ ಯಾಕ ಬಂದ್ರಿ ಇಲ್ಲಿಗಿ, ನೀ ಅಷ್ಟ ಖುಷೀಲೆ ಅಂದಿ, ಒಂದ ಹನೀನೂ ಇಲ್ಲಂತ, ನಂಬಬೇಕನಿಸ್ತು.

ನಂಬಬೇಕೆನಿಸಿತು, ನನಗೂ, ಹಲ್ಲಿನ ತುದಿಯನ್ನು ನನ್ನ ಮುಖದ ಕಡೆ ಹಿಡಿದೆ, ಬೆರಳು ತನ್ನ ದಾರಿಯನ್ನು ತಾನೇ ಹಿಡಿಯಿತು, ಟೇಪು ಹಲ್ಲುಗಳೊಳಗೆ ಚರ್ಮದಂತೆ ಕೂತುಕೊಂಡಿತು, ಮುಗಿದ ಮೇಲೆ ನಳವನ್ನು ಅವರ ಎಡಗೈಗೆ ಒಪ್ಪಿಸಲು ಹೋದೆ, ತೆಗೆದುಕೊಳ್ಳಲಿಲ್ಲ, ಪಾನಾವನ್ನು ಹುಡುಕಿ, ಅದರ ಹಿಡಿಯ ಮಣ್ಣನ್ನು ತಮ್ಮ ಅಂಗಿಗೆ ಒರೆಸಿ ನನ್ನ ಮಡಿಲಲ್ಲಿಟ್ಟರು, ಸುತ್ತಿದಾಕಿನ ಬಿಗೀಬೇಕು — ನಾನು ಬಿಗಿದೆ, ಏನು ಮಾಡಲಿ, ಎಲ್ಲಿ ನಿಲ್ಲಬೇಕೋ ಅಲ್ಲಿ ಕೈ ನಿಂತಿತು, ವಾಲ್ವು ತೆರೆದು ನಳ ತಿರುಗಿಸಿದೆ, ನೀರು ಬಂತು, ದೋಣಿ ತುಂಬತೊಡಗಿತು, ಕುರಿಗಳು ಒಂದನ್ನೊಂದು ನೂಕಿಕೊಂಡು ಬಾಯಿ ಹಚ್ಚಿದವು, ಸಂಗವ್ವ ಗಡಿಗೆಯೊಂದಿಗೆ ಬಂದು ನಳವನ್ನು ನೋಡಿದಳು, ನನ್ನ ಕೈಯಲ್ಲಿದ್ದ ಪಾನಾ ನೋಡಿದಳು, ಗಡಿಗೆಯನ್ನು ಬೋರಲು ಹಾಕಿದಳು, ನಮ್ಮ ತಂಗಿ ಮನ್ಯಾಗೂ ಒಂದ ನಳ ಸೋರತದ ಯವ್ವಾ, ನೀ ಬರ್ತಿಯೇನು, ನನ್ನನ್ನು ಕೇಳಿದಳು, ಇವರನ್ನಲ್ಲ, ಬರ್ತೀವಿ ಅನ್ನಲೇ, ಬರ್ತೀನಿ ಅನ್ನಲೇ, ಇವರು ಕೇಳಿಸಿಕೊಂಡಂತಿಲ್ಲ, ಎಡಗೈಯ ಹೆಬ್ಬೆರಳನ್ನು ನಳದ ಕೊರಳ ಕೆಳಗೆ ಒತ್ತಿ ಸುತ್ತಲೂ ಸವರಿದರು, ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು, ಒಣಗಿದೆ, ಮತ್ತೆ ಸವರಿದರು, ಮೆಲ್ಲಗೆ, ಒಂದು ಹನಿಯಾದರೂ ಇದ್ದೀತೆಂದು, ಬಿಸಿಲಿಗೆ ಹಿಡಿದರು, ಒಣಗಿದೆ, ಮತ್ತೆ ಸವರುತ್ತಿದ್ದಾರೆ, ಬಿಸಿಲಿಗೆ ಹಿಡಿಯುತ್ತಿದ್ದಾರೆ, ಒಣ ಹೆಬ್ಬೆರಳು