ಬಲೆಯ ಕಡೆಯವನು

ನಾನು ಒಂದು ಬಲೆ. ನನ್ನ ಮೈಮೇಲಿನ ಒಂದೊಂದು ತೂತನ್ನೂ ಜನ ಕಣ್ಣು ಎನ್ನುತ್ತಾರೆ. ಆ ಪ್ರಕಾರ ನನಗೆ ಸಾವಿರಾರು ಕಣ್ಣುಗಳಿವೆ. ಎರಡೇ ಕಣ್ಣು ಇಟ್ಟುಕೊಂಡವರು ಎಲ್ಲವನ್ನೂ ತಾವೇ ಕಂಡವರಂತೆ ಮಾತಾಡುವಾಗ ನಾನು ಸ್ವಲ್ಪ ಜಂಬ ಪಟ್ಟರೆ ತಪ್ಪೇನಿಲ್ಲ.

ನಾನು ಹುಟ್ಟಿದ್ದು ಕೋಡಿಬೈಲು ಎಂಬ ಕಡಲ ದಡದ ಊರಿನಲ್ಲಿ, ದೂಮಪ್ಪ ಮೆಂಡನ್ ಎಂಬವನ ಮನೆಯ ಜಗಲಿಯಲ್ಲಿ. ಊರಿಗೆಲ್ಲ ಅವನು ದೂಮಣ್ಣ. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿ ಕುಳಿತಾಗ ಅವನು ಜಗಲಿಯ ಕಂಬಕ್ಕೆ ಹಗ್ಗ ಬಿಗಿದು, ಕಾಲು ಚಾಚಿ ಕುಳಿತು, ನೂಲು ಸುತ್ತಿದ ಚಪ್ಪಟೆ ಸೂಜಿಯಿಂದ ನನ್ನನ್ನು ಒಂದೊಂದೇ ಕಣ್ಣಾಗಿ ಹೆಣೆದ. ತೊರಕೆಯಂಥ ಅಗಲ ಮೀನು ಹಿಡಿಯಲು ಹೆಣೆದದ್ದರಿಂದ ನನ್ನ ಕಣ್ಣುಗಳು ದೊಡ್ಡವು. ತೆಂಗಿನ ಗೆರಟೆ ದಾಟುತ್ತದೆ, ಸುಲಿಯದ ಕಾಯಿ ದಾಟುವುದಿಲ್ಲ.

ಅವನು ಪ್ರತಿ ಕಣ್ಣಿಗೂ ಗಂಟು ಎರಡೆರಡು ಹಾಕುತ್ತಿದ್ದ. ಅವನ ಹೆಂಡತಿ ಕಲ್ಯಾಣಿಯಕ್ಕನಿಗೆ ಅದು ಕಂಡು ಬೇಸರ.

"ಒಂದು ಗಂಟು ಸಾಕಾಗುದಿಲ್ವಾ? ಹೀಗಾದ್ರೆ ದೀಪಾವಳಿಗೂ ಮುಗಿಯುದಿಲ್ಲ ಇದು."

"ಸಮುದ್ರಕ್ಕೆ ಹೋಗುವಂಥದ್ದು ಮಾರಾಯ್ತಿ. ಎರಡು ಹಾಕ್ಲೇಬೇಕು."

ದೂಮಣ್ಣ ಕಟ್ಟಿದ ಗಂಟು ಬಿಚ್ಚಬೇಕಾದರೆ ಕತ್ತಿಯೇ ಬೇಕು ಎಂದು ಬಂದರಿನ ದೋಣಿ ಯಜಮಾನರು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವನು ಏನೂ ಕೇಳಿಸದವನ ಹಾಗೆ ಬೀಡಿ ಹಚ್ಚುತ್ತಿದ್ದ. ಆದರೆ ಅವತ್ತು ರಾತ್ರಿ ಊಟಕ್ಕೆ ಎರಡು ತುತ್ತು ಜಾಸ್ತಿ ಸೇರುತ್ತಿತ್ತು.

ಎಂಟು ವರ್ಷ ನಾನು ಕಡಲಿನಲ್ಲಿ ದುಡಿದೆ. ಒಂಬತ್ತನೆಯ ವರ್ಷ ನೀರಿನೊಳಗಿನ ಬಂಡೆಗೆ ಸಿಕ್ಕಿ ನನ್ನ ಅರ್ಧ ಮೈ ಅಲ್ಲೇ ಉಳಿಯಿತು. ದೋಣಿಯವರು ಉಳಿದರ್ಧವನ್ನು ದಡಕ್ಕೆ ಎಸೆದರು. ದೂಮಣ್ಣ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದ. ಅಂಗಳದಲ್ಲಿ ಒಣಗಲು ಹರಡಿದ ಮೀನಿಗೆ ಕಾಗೆ ಮುಟ್ಟದಂತೆ ಹೊದೆಸಿಟ್ಟ. ತೊರಕೆ ಹಿಡಿದವನಿಗೆ ಕಾಗೆ ಕಾಯುವ ಕೆಲಸ! ನನಗೆ ನಿಜವಾಗಿಯೂ ಅವಮಾನವಾಯಿತು.

ಅಲ್ಲಿಂದ ನನ್ನನ್ನು ಪಾರುಮಾಡಿದವರು ಪಾಸ್ಕಲ್ ಮಾಷ್ಟ್ರು. ಅವರು ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಹೊಳೆಬದಿಯ ಮೈದಾನದಲ್ಲಿ ಪ್ರತಿ ವರ್ಷ ಕೋಡಿಬೈಲು ಕಪ್ ಫುಟ್‌ಬಾಲ್ ನಡೆಸುವವರೂ, ಸೀಟಿ ಊದುವವರೂ ಅವರೇ. ಮೈದಾನದ ಒಂದು ತುದಿಯ ಗೋಲಿಗೆ ಅಂಗಡಿಯ ಬಿಳಿ ಬಲೆ ಇತ್ತು. ಹೊಳೆಯ ಕಡೆಯ ಗೋಲಿಗೆ ಏನೂ ಇರಲಿಲ್ಲ. ಗೋಲು ಬಿದ್ದರೆ ಚೆಂಡು ಸೀದಾ ಹೊಳೆಗೆ ಹೋಗುತ್ತಿತ್ತು. ಗೋಲು ಹೊಡೆದವನೇ ಈಜಿ ತರಬೇಕು ಎಂಬ ಪದ್ಧತಿ ಬಂದಮೇಲೆ ಈಜು ಬಾರದ ಆಟಗಾರರು ಆ ಕಡೆ ಗೋಲು ಹೊಡೆಯುವುದನ್ನೇ ಬಿಟ್ಟಿದ್ದರಂತೆ.

ದೂಮಣ್ಣ ನನ್ನನ್ನು ಎರಡು ಕಂಬಗಳ ನಡುವೆ ಕಟ್ಟಿಕೊಟ್ಟ. ಹೀಗೆ ನಾನು ಕಡಲು ಬಿಟ್ಟು ಮೈದಾನ ಸೇರಿದೆ.

ಮೊದಲ ಚೆಂಡು ನನ್ನೊಳಗೆ ಬಂದು ಬಿದ್ದಾಗ ನಾನು ಬಿಗಿಯಾಗಿ ಹಿಡಿದುಕೊಂಡೆ. ಅದು ಒದ್ದಾಡಲಿಲ್ಲ. ಅರ್ಧ ಮೈದಾನ ಕುಣಿಯಿತು, ಇನ್ನರ್ಧ ತಲೆಮೇಲೆ ಕೈಯಿಟ್ಟಿತು. ಆಮೇಲೆ ಯಾರೋ ಬಂದು ಚೆಂಡನ್ನು ಹೊರತೆಗೆದು ಮತ್ತೆ ಮಧ್ಯಕ್ಕೆ ಒದ್ದುಬಿಟ್ಟರು. ಕಷ್ಟಪಟ್ಟು ಹಿಡಿದದ್ದನ್ನು ಹೀಗೆ ವಾಪಸ್ಸು ಬಿಡುವ ಜನರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬರುಬರುತ್ತಾ ಅಭ್ಯಾಸವಾಯಿತು. ಈ ಅರ್ಧದಲ್ಲಿ ಒಂದು ತಂಡ ನನ್ನನ್ನು ಕಾಯುತ್ತದೆ, ಮುಂದಿನ ಅರ್ಧದಲ್ಲಿ ಇನ್ನೊಂದು. ನಾನು ಯಾರ ಕಡೆ ಎಂದು ಹೇಳಲಿ? ಯಾರು ಹೊಡೆದರೂ ಹಿಡಿಯುವುದು ನನ್ನ ಕೆಲಸ.

ಮೈದಾನದಲ್ಲಿ ನನ್ನ ಹಾಗೆಯೇ ಯಾವ ಕಡೆಯೂ ಇಲ್ಲದ ಇನ್ನೊಬ್ಬನಿದ್ದ. ಅವನೇ ದೂಮಣ್ಣ. ಅವನಿಗೆ ಫುಟ್‌ಬಾಲಿನ ತಲೆಬುಡ ಗೊತ್ತಿರಲಿಲ್ಲ. ಆದರೂ ಪ್ರತಿ ಮ್ಯಾಚಿಗೂ ಬರುತ್ತಿದ್ದ. ಮೀನಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನನ್ನ ಹಿಂದೆ ಕವುಚಿ ಹಾಕಿ ಅದರ ಮೇಲೆ ಕೂರುತ್ತಿದ್ದ. ಎಲ್ಲರೂ ಚೆಂಡು ನೋಡಿದರೆ ಅವನು ನನ್ನನ್ನು ನೋಡುತ್ತಿದ್ದ. ಚೆಂಡು ಬಂದು ಬಿದ್ದರೆ ಸಾಕು, "ಬಿತ್ತು! ಬಿತ್ತು!" ಎಂದು ಚಪ್ಪಾಳೆ ತಟ್ಟುತ್ತಿದ್ದ. ಯಾರ ಗೋಲು ಎಂಬುದು ಅವನಿಗೆ ಬೇಕಾಗಿರಲಿಲ್ಲ.

ಇದರಿಂದ ಎರಡೂ ಕಡೆಯವರಿಗೆ ಅವನ ಮೇಲೆ ಗುಮಾನಿ. ಒಮ್ಮೆ ಒಬ್ಬ ಸಿಟ್ಟಿನಿಂದ ಕೇಳಿಯೇಬಿಟ್ಟ.

"ನಮ್ಮ ಗೋಲಿಗೂ ಚಪ್ಪಾಳೆ, ಅವರ ಗೋಲಿಗೂ ಚಪ್ಪಾಳೆ! ನೀವು ಯಾರ ಕಡೆ ದೂಮಣ್ಣ?"

"ನಾನು ಬಲೆಯ ಕಡೆ" ಎಂದ ದೂಮಣ್ಣ.

ಆ ಮಾತು ಊರಿನ ತಮಾಷೆಯಾಯಿತು. ನನಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ನನ್ನ ಕಡೆ ಎಂದು ಹೇಳಿದವನು ಈ ಲೋಕದಲ್ಲಿ ಅವನೊಬ್ಬನೇ.

ಈಗ ಒಂದು ವರ್ಷದ ಫೈನಲ್ಲಿನ ಕಥೆಗೆ ಬರುತ್ತೇನೆ. ಒಂದು ಕಡೆ ಬಂದರು ಬಾಯ್ಸ್, ಇನ್ನೊಂದು ಕಡೆ ಪೇಟೆ ಬ್ರದರ್ಸ್. ಪೇಟೆಯವರು ನಾಲ್ಕು ವರ್ಷದಿಂದ ಬಿಡದೆ ಕಪ್ ಒಯ್ದಿದ್ದರು. ಬಂದರಿನವರು ಒಮ್ಮೆಯೂ ಗೆದ್ದಿರಲಿಲ್ಲ. ದೂಮಣ್ಣನ ಮನೆ ಅತ್ತ ಬಂದರಿಗೂ ಸೇರದೆ ಇತ್ತ ಪೇಟೆಗೂ ಸೇರದೆ ನಡುವಿನ ತಿರುವಿನಲ್ಲಿದ್ದದ್ದು ಅವನ ಪುಣ್ಯ.

ಫೈನಲ್ಲಿಗೆ ಎರಡು ದಿನ ಇರುವಾಗ ಮೈದಾನದಲ್ಲಿ ಮೇಯುತ್ತಿದ್ದ ಒಂದು ಹಸು ಮೈ ತುರಿಸಿಕೊಳ್ಳಲು ನನ್ನನ್ನೇ ಆರಿಸಿಕೊಂಡಿತು. ಅದರ ಕೊಂಬು ನನ್ನ ಎಡಮಗ್ಗುಲನ್ನು ಹರಿದು ಹಾಕಿತು. ದೂಮಣ್ಣ ಹೊಸ ನೀಲಿ ನೂಲು ತಂದು ತೇಪೆ ಹೆಣೆಯಲು ಕುಳಿತ. ಹೊಸ ನೈಲಾನ್ ನೂಲು ಜಾರುವ ಜಾತಿಯದ್ದು. ಅದು ಅವನಿಗೆ ಗೊತ್ತು. ಆದರೆ ಬಿಸಿಲು ಏರಿತ್ತು, ಮನೆಯಲ್ಲಿ ಕಲ್ಯಾಣಿಯಕ್ಕ ಬಂಗುಡೆ ಸಾರು ಮಾಡಿದ್ದಳು, ಅಷ್ಟು ದೂರಕ್ಕೆ ಪರಿಮಳ ಬಾರದಿದ್ದರೂ ಅವನಿಗೆ ಬರುತ್ತಿತ್ತು. ಒಂದು ಗಂಟು ಹಾಕಿದ. ಎರಡನೆಯದಕ್ಕೆ ಸೂಜಿ ಎತ್ತಿದವನು ಕೈ ತಡೆದ.

"ಆಟಕ್ಕೆ ಇಷ್ಟು ಸಾಕು" ಎಂದು ತನಗೆ ತಾನೇ ಹೇಳಿಕೊಂಡ. ತೇಪೆ ಪೂರ್ತಿ ಒಂದೊಂದೇ ಗಂಟು ಹಾಕಿ ಊಟಕ್ಕೆ ಹೋದ.

ನನಗೆ ಚುರ್ ಎಂದಿತು. ಆದರೆ ಬಲೆಗೆ ಸಾವಿರ ಕಣ್ಣಿದ್ದರೂ ಬಾಯಿ ಒಂದೂ ಇಲ್ಲವಲ್ಲ.

ಫೈನಲ್ ದಿನ ಊರಿಗೆ ಊರೇ ಬಂದಿತ್ತು. ಚರುಮುರಿಯವನ ಎದುರು ಸಾಲು. ಬಂದರಿನ ಹೆಂಗಸರು ಮೀನಿನ ಬುಟ್ಟಿಗಳನ್ನು ಬಡಿದು ವಾದ್ಯ ಮಾಡಿಕೊಂಡಿದ್ದರು. ಪೇಟೆಯವರು ಡ್ರಮ್ ತಂದಿದ್ದರು. ದೂಮಣ್ಣ ಆಟಕ್ಕೆ ಮೊದಲೊಮ್ಮೆ, ವಿರಾಮದಲ್ಲೊಮ್ಮೆ ನನ್ನ ಮೈ ಪೂರ್ತಿ ಕೈಯಾಡಿಸಿ ನೋಡಿ ತನ್ನ ಪೆಟ್ಟಿಗೆಯ ಮೇಲೆ ಕುಳಿತ.

ಎರಡನೆಯ ಅರ್ಧದಲ್ಲಿ ನನ್ನನ್ನು ಕಾಯುತ್ತಿದ್ದವನು ಪೇಟೆಯ ತೌಸೀಫ್. ಮಂಜುಗಡ್ಡೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಎತ್ತರದ ಯುವಕ. ಎರಡೂ ಕಡೆ ಒಂದೊಂದು ಗೋಲಾಗಿತ್ತು. ಇನ್ನು ಐದೇ ನಿಮಿಷ ಉಳಿದಿತ್ತು. ಅಷ್ಟರಲ್ಲಿ ಬಂದರಿನ ಹರಿಣಾಕ್ಷನಿಗೆ ಚೆಂಡು ಸಿಕ್ಕಿತು. ಅವನು ದೂರದಿಂದಲೇ ಬಲವಾಗಿ ಒದ್ದ. ತೌಸೀಫ್ ಹಾರಿದ. ಚೆಂಡು ಅವನ ಬೆರಳ ತುದಿ ಸವರಿ, ಎಡಗಂಬದ ಒಳಗಿನಿಂದ ಬಂದು ನನ್ನ ನೀಲಿ ತೇಪೆಗೆ ಬಡಿಯಿತು. ನಾನು ಹಿಡಿದೆ. ಹಿಡಿದೆ ಎಂದುಕೊಂಡೆ. ಒಂದು ಗಂಟು ಜಾರಿತು. ಚೆಂಡು ನನ್ನನ್ನು ದಾಟಿ ಹೊಳೆಗೆ ಬಿತ್ತು.

ಹುಟ್ಟಿದ ಮೇಲೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಬಂದರಿನವರು "ಗೋಲ್!" ಎಂದು ಕಿರುಚಿದರು. ಪೇಟೆಯವರು "ಹೊರಗೆ! ಕಂಬದ ಹೊರಗೆ!" ಎಂದು ಕಿರುಚಿದರು. ಪಾಸ್ಕಲ್ ಮಾಷ್ಟ್ರ ಕಣ್ಣಿಗೆ ಸಂಜೆಯ ಬಿಸಿಲು ಹೊಡೆದಿತ್ತು. ಗೆರೆ ಕಾಯಲು ಇದ್ದವರಿಬ್ಬರೂ ಒಂದೊಂದು ತಂಡದವರು. ಒಬ್ಬ ಒಳಗೆ ಎಂದ, ಇನ್ನೊಬ್ಬ ಹೊರಗೆ ಎಂದ. ದೂಮಣ್ಣನನ್ನು ಕೇಳಿದರೆ ಅವನು ಆ ಹೊತ್ತಿಗೆ ಸರಿಯಾಗಿ ಹಿಂದೆ ತಿರುಗಿ ಚಹಾ ತೆಗೆದುಕೊಳ್ಳುತ್ತಿದ್ದನಂತೆ.

ಮಾಷ್ಟ್ರು ಒಂದು ಉಪಾಯ ಮಾಡಿದರು. "ಒಳಗಿಂದ ಹೋಗಿದ್ರೆ ಬಲೆ ಹರಿದಿರಬೇಕು. ನೋಡುವ ಬನ್ನಿ."

ಇಬ್ಬರು ಕ್ಯಾಪ್ಟನ್‌ಗಳೂ ಮಾಷ್ಟ್ರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ತಡಕಿದರು. ಒಂದು ನೂಲೂ ಹರಿದಿರಲಿಲ್ಲ. ಗಂಟು ಜಾರಿದರೆ ನೂಲು ಹರಿಯುವುದಿಲ್ಲ, ಅಕ್ಕಪಕ್ಕದ ಎರಡು ಕಣ್ಣು ಒಂದಾಗುತ್ತದೆ ಅಷ್ಟೆ. ಜೋತುಬಿದ್ದ ಬಲೆಯಲ್ಲಿ ಅದು ಬೇರೆಯವರ ಕಣ್ಣಿಗೆ ಕಾಣುವಂಥದ್ದಲ್ಲ.

"ದೂಮಣ್ಣ ಕಟ್ಟಿದ ಬಲೆ ಮಾಷ್ಟ್ರೇ, ಅದರಲ್ಲಿ ಚೆಂಡು ಪಾಸಾಗುದುಂಟಾ?" ಎಂದು ಪೇಟೆಯ ಕ್ಯಾಪ್ಟನ್ ನಕ್ಕ. ಜನರೂ ಹೌದು ಹೌದು ಎಂದರು. ಬಂದರಿನವರೇ ತಲೆ ತಗ್ಗಿಸಿದರು. ಹರಿಣಾಕ್ಷ ಹುಲ್ಲಿನ ಮೇಲೆ ಕುಕ್ಕರಿಸಿ ಕುಳಿತು ಮುಖ ಮುಚ್ಚಿಕೊಂಡ. ಮಾಷ್ಟ್ರು ಸೀಟಿ ಬಾಯಿಗಿಟ್ಟರು.

ಆಗ ದೂಮಣ್ಣ ಚಹಾದ ಲೋಟ ಕೆಳಗಿಟ್ಟು ಎದ್ದು ಬಂದ. ಮೇಲಿನ ಹಗ್ಗದಿಂದ ಶುರುಮಾಡಿ ಅವನ ಬೆರಳು ಒಂದೊಂದೇ ಕಣ್ಣು ಎಣಿಸುತ್ತಾ ಇಳಿಯಿತು. ನೀಲಿ ತೇಪೆಯ ಹತ್ತಿರ ಬಂದು ನಿಂತಿತು.

ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

ಸುತ್ತ ಸಾವಿರ ಜನ ಇದ್ದರು. ಮುಂದಿನ ಮಳೆಗಾಲಕ್ಕೆ ಅವನಿಗೆ ಬಲೆ ಹೆಣೆಯಲು ಕೊಡಬೇಕೆಂದಿದ್ದ ಮೂರು ದೋಣಿಗಳ ಯಜಮಾನ ಶ್ರೀಯಾನರು ಅಲ್ಲೇ ಮುಂದೆ ನಿಂತಿದ್ದರು. ದೂಮಣ್ಣನ ಗಂಟು ಜಾರಿತು ಎಂಬ ಮಾತು ನಲವತ್ತು ವರ್ಷದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಸುಮ್ಮನೆ ಕೈ ತೆಗೆದರೆ ಮುಗಿಯಿತು, ಇನ್ನೂ ನಲವತ್ತು ವರ್ಷ ಬರುತ್ತಿರಲಿಲ್ಲ. ಕೈ ತೆಗೆ ದೂಮಣ್ಣ ಎಂದು ನಾನೂ ಒಳಗೊಳಗೇ ಬೇಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಬೇಡಿಕೊಂಡದ್ದು ನಿಜ.

"ಎಂತ ದೂಮಣ್ಣ? ಬಲೆ ಸರಿ ಉಂಟಲ್ಲ?" ಎಂದು ಮಾಷ್ಟ್ರು ಕೇಳಿದರು.

ದೂಮಣ್ಣ ಒಮ್ಮೆ ಹುಲ್ಲಿನ ಮೇಲೆ ಕುಳಿತ ಹರಿಣಾಕ್ಷನನ್ನು ನೋಡಿದ.

"ಸರಿ ಇಲ್ಲ ಮಾಷ್ಟ್ರೇ. ಗಂಟು ಜಾರಿದೆ. ನನ್ನದೇ ಗಂಟು."

ಅವನು ಎರಡು ಕೈಯಿಂದ ನನ್ನ ತೂತನ್ನು ಅಗಲಿಸಿ, ಹೊಳೆಯಿಂದ ತಂದ ಒದ್ದೆ ಚೆಂಡನ್ನು ಅದರಲ್ಲಿ ತೂರಿಸಿ ತೋರಿಸಿದ.

"ಆಟಕ್ಕೆ ಒಂದು ಗಂಟು ಸಾಕು ಅಂತ ಹಾಕಿದ್ದು ನಾನು. ಹಾಗೆ ಮಾಡ್ಬಾರದಿತ್ತು. ತಪ್ಪಾಯ್ತು."

"ಹೊರಗಿಂದ ಬಡಿದು ಜಾರಿರಬಹುದಲ್ಲ?" ಎಂದು ಪೇಟೆಯ ಕ್ಯಾಪ್ಟನ್ ಕೇಳಿದ. ಅವನ ಮಾತು ಮುಗಿಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು.

"ಇಲ್ಲ. ಒಳಗಿಂದಲೇ ಹೋದದ್ದು. ನಾನು ನೋಡಿದ್ದೇನೆ."

ಹೇಳಿದವನು ಅವರದೇ ಗೋಲ್‌ಕೀಪರ್ ತೌಸೀಫ್. ಅಷ್ಟು ಹೊತ್ತು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದವನು ಈಗ ದೂಮಣ್ಣನ ಮುಖ ನೋಡುತ್ತಿದ್ದ. "ಅಷ್ಟು ಪ್ರಾಯದವರು ಇಷ್ಟು ಜನರ ಎದುರು ಹೇಳುವಾಗ ನಾನು ಸುಮ್ನೆ ನಿಲ್ಲುದು ಹೇಗೆ?"

ಮಾಷ್ಟ್ರು ಸೀಟಿ ಊದಿ ಮೈದಾನದ ಮಧ್ಯಕ್ಕೆ ಕೈ ತೋರಿಸಿದರು. ಗೋಲು! ಬಂದರಿನ ಹೆಂಗಸರು ಬಡಿದ ಬಡಿತಕ್ಕೆ ಎರಡು ಬುಟ್ಟಿಗಳ ತಳ ಹಾರಿಹೋಯಿತು.

ಆದರೆ ಆಟ ಮುಂದೆ ಹೋಗಲು ದೂಮಣ್ಣ ಬಿಡಲಿಲ್ಲ. ತೂತು ಕಟ್ಟದೆ ಆಟ ಇಲ್ಲ ಎಂದು ನನ್ನೆದುರು ಅಡ್ಡ ನಿಂತ. ಕೈಯಲ್ಲಿ ನೂಲಿರಲಿಲ್ಲ. ಆಗ ತೌಸೀಫ್ ಬಗ್ಗಿ ತನ್ನ ಒಂದು ಬೂಟಿನ ಕೆಂಪು ಲೇಸು ಬಿಚ್ಚಿ ಕೊಟ್ಟ. ದೂಮಣ್ಣ ಅದರಲ್ಲೇ ಕಟ್ಟಿದ. ಗಂಟು ಎರಡು. ಲೇಸಿಲ್ಲದ ಬೂಟು ಆ ಕೊನೆಯ ಐದು ನಿಮಿಷದಲ್ಲಿ ಎರಡು ಸಲ ಕಾಲಿನಿಂದ ಹಾರಿತು. ಒಮ್ಮೆಯಂತೂ ಚೆಂಡಿಗಿಂತ ದೂರ ಹೋಯಿತು. ಪೇಟೆಯವರೂ ನಕ್ಕರು.

ಬಂದರಿನವರು ಮೊದಲ ಸಲ ಕಪ್ ಎತ್ತಿದಾಗ ದೂಮಣ್ಣ ಸದ್ದಿಲ್ಲದೆ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದ. ಶ್ರೀಯಾನರು ಅಡ್ಡ ಬಂದರು. ಅವನ ಮುಖ ಸಪ್ಪೆಯಾಯಿತು.

"ನಾಡಿದ್ದು ಬಂದರಿಗೆ ಬನ್ನಿ ದೂಮಣ್ಣ, ನೂಲು ಬಂದಿದೆ" ಎಂದರು ಶ್ರೀಯಾನರು. "ಆದ್ರೆ ನನ್ನ ಬಲೆಗೆ ಗಂಟು ಎರಡು ಆಯ್ತಾ?"

ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ದೂಮಣ್ಣನೂ ಎಲ್ಲರಿಗಿಂತ ಜೋರಾಗಿ ನಕ್ಕ. ಅವತ್ತಿನಿಂದ ಊರಿನಲ್ಲಿ ಅವನು ಎದುರು ಸಿಕ್ಕಿದರೆ "ಗಂಟು ಎಷ್ಟು?" ಎಂದು ಕೇಳುವುದೇ ನಮಸ್ಕಾರವಾಯಿತು. ಅವನೂ ಎರಡು ಬೆರಳು ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದ.

ಇದೆಲ್ಲ ಆಗಿ ತುಂಬ ವರ್ಷಗಳಾದವು. ಬಿಸಿಲು, ಉಪ್ಪುಗಾಳಿ ತಿಂದು ನನ್ನ ಮೈ ಪಿಸಿಯತೊಡಗಿತು. ಗಟ್ಟಿಯಿದ್ದ ಭಾಗವನ್ನು ಕತ್ತರಿಸಿ ಚೆಂಡು ತುಂಬುವ ಚೀಲ ಮಾಡಿದರು. ಆ ಭಾಗದಲ್ಲಿ ಕೆಂಪು ಲೇಸಿನ ಗಂಟೂ ಇದೆ. ಹಿಡಿದದ್ದನ್ನು ವಾಪಸ್ಸು ಕೊಡುವ ಕೆಲಸ ಇನ್ನೂ ತಪ್ಪಿಲ್ಲ ನೋಡಿ. ಆಟ ಇಲ್ಲದ ದಿನ ಕ್ಲಬ್ಬಿನ ಕೋಣೆಯ ಮೊಳೆಯಲ್ಲಿ ನೇತಾಡುತ್ತೇನೆ. ಆಟದ ದಿನ ಮೈದಾನದ ಅಂಚಿನಲ್ಲಿ, ದೂಮಣ್ಣನ ಪೆಟ್ಟಿಗೆಯ ಪಕ್ಕದಲ್ಲಿ ನನ್ನ ಜಾಗ.

ದೂಮಣ್ಣನ ಕಣ್ಣು ಈಗ ಮಂಜಾಗಿದೆ. ಚೆಂಡು ಬಲೆಗೆ ಬಿದ್ದ ಸದ್ದು ಕೇಳಿ ಚಪ್ಪಾಳೆ ತಟ್ಟುತ್ತಾನೆ. ನಡುನಡುವೆ ಅವನ ಕೈ ನನ್ನ ಮೇಲೆ ಹರಿದಾಡಿ ಲೇಸಿನ ಗಂಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ನನಗಾಗುವ ಸಂತೋಷ ಎಂಟು ವರ್ಷದ ಕಡಲಲ್ಲೂ ಆಗಿರಲಿಲ್ಲ.

ಮೊನ್ನೆ ನನ್ನ ಹಳೆಯ ಜಾಗಕ್ಕೆ ಹೊಸ ಬಲೆ ಹೆಣೆಯುತ್ತಿದ್ದರು. ಸೂಜಿ ಹಿಡಿದು ಕುಳಿತವನು ತೌಸೀಫ್. ಈಗ ಅವನ ಗಡ್ಡದಲ್ಲೂ ನಾಲ್ಕು ಬಿಳಿ ಕೂದಲು ಬಂದಿದೆ. ಕೆಲಸ ಕಲಿಸುತ್ತಾ ಪಕ್ಕದಲ್ಲಿ ದೂಮಣ್ಣ. ಹೊತ್ತು ಮುಳುಗುತ್ತಿತ್ತು. ತೌಸೀಫ್ ಒಂದು ಗಂಟು ಹಾಕಿ ಮುಂದಿನ ಕಣ್ಣಿಗೆ ಹೋದ. ದೂಮಣ್ಣ ಬೆರಳಿನಿಂದ ಆ ಗಂಟನ್ನು ಮುಟ್ಟಿ ನೋಡಿ ತಲೆಯಾಡಿಸಿದ.

"ಇನ್ನೊಂದು ಹಾಕು ಮಾರಾಯ" ಎಂದ. "ಆಟಕ್ಕೆ ಹೋಗುವಂಥದ್ದು ಇದು."