ಹಳದಿ ದೀಪದ ಮೇಲಿನ ಬೊಟ್ಟು

ಬಾಲಾಜಿಯ ಟಯರ್ ಅಂಗಡಿಯಲ್ಲಿ ಆರದ ದೀಪಕ್ಕೆ ಒಂದೇ ಮದ್ದು: ಬೊಟ್ಟು. ಕಾರಿನ ಮೀಟರಿನಲ್ಲಿ ಯಾವ ದೀಪ ಹಟ ಹಿಡಿದರೂ ಗಲ್ಲಾದಲ್ಲಿರುವ ಹಾಳೆಯಿಂದ ಒಂದು ಕಪ್ಪು ಬೊಟ್ಟು ಕಿತ್ತು ಅದರ ಮೇಲೆ ಅಂಟಿಸಿ, ಗಿರಾಕಿಯನ್ನು ಸಾಗಹಾಕುವುದು. ಸಿಂಗಸಂದ್ರದಿಂದ ಜಿಗಣಿಯವರೆಗೆ ಹೀಗೆ ಬೊಟ್ಟಿಟ್ಟುಕೊಂಡು ಓಡಾಡುವ ಕಾರುಗಳು ಎಷ್ಟಿವೆಯೋ ದೇವರೇ ಬಲ್ಲ.

ಬಾಗಲಕೋಟೆ ಕಡೆಯ ಶೈಲಾ ಎಂಟು ತಿಂಗಳಿಂದ ಅಲ್ಲಿ ಪಂಕ್ಚರ್ ತೊಟ್ಟಿಯ ಮುಂದೆ ಕೂತಿದ್ದಳು. ಆ ಡಿಸೆಂಬರಿನ ಬೆಳಿಗ್ಗೆ ಮೊದಲ ಸಲ ಅವಳ ಕೈಗೆ ಇಡೀ ಕಾರು ಬಂದಿತ್ತು.

"ಇದೊಂದು ಸರಿಯಾಗಿ ಮಾಡು, ಇನ್ಮೇಲೆ ಕಾರಿನ ಕೆಲ್ಸ ನಿಂದೇ. ಕೆಡಿಸಿದ್ರೆ ತೊಟ್ಟಿಗೇ ವಾಪಸ್," ಎಂದಿದ್ದ ಬಾಲಾಜಿ.

ಕಾರು ಪದ್ಮಾವತಿಯವರದು. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಾಲಿನ ತಪ್ಪು ಹುಡುಕಿ ನಿವೃತ್ತರಾದವರು, ಈಗ ತಂಗಿಯನ್ನು ಕೂರಿಸಿಕೊಂಡು ಕಾಶ್ಮೀರದ ಹಿಮ ನೋಡಲು ಹೊರಟಿದ್ದರು. ಹಿಮಕ್ಕೆಂದೇ ಮಾಡಿದ ಟಯರುಗಳನ್ನು ರಿಮ್ ಸಮೇತ ದೆಹಲಿಯಿಂದ ತರಿಸಿದ್ದರು. ಶೈಲಾ ನಾಲ್ಕೂ ಚಕ್ರ ಬದಲಿಸಿ ಗಾಳಿ ತುಂಬಿದಳು. ಬಾಲಾಜಿ ಎಲೆಕ್ಟ್ರಾನಿಕ್ ಸಿಟಿವರೆಗೆ ಓಡಿಸಿಕೊಂಡು ಬರುವಷ್ಟರಲ್ಲಿ ಟಯರ್ ಗಾಳಿಯ ಹಳದಿ ದೀಪ ಹೊತ್ತಿಕೊಂಡಿತ್ತು.

ಶೈಲಾ ಗೇಜು ತಂದಳು. ಮತ್ತೆ ಅಳೆದಳು, ಗಾಳಿ ಸರಿಯಾಗಿತ್ತು. ವಾಲ್ವಿಗೆ ಸೋಪಿನ ನೀರು ಹಚ್ಚಿದಳು, ಒಂದು ಗುಳ್ಳೆಯೂ ಏಳಲಿಲ್ಲ.

"ಮೇಡಂ ಟೀ ಕುಡ್ದು ಬರೋದ್ರೊಳ್ಗೆ ಬೊಟ್ಟು ಅಂಟ್ಸು," ಎಂದ ಬಾಲಾಜಿ.

ಅಂಟಿಸಿದಳು. ಸುಳ್ಳೇಕೆ, ತೊಟ್ಟಿಯ ಭಯ ಅಷ್ಟಿತ್ತು. ಆದರೆ ಬಿಚ್ಚಿದ ಚಕ್ರಗಳನ್ನು ಮೂಲೆಗೆ ಉರುಳಿಸುವಾಗ ಅವಳ ಕೈ ನಿಂತಿತು. ಇವುಗಳ ವಾಲ್ವು ಲೋಹದ್ದು, ಹೊಸದರದ್ದು ಬರೀ ರಬ್ಬರು. ಗಾಳಿ ಅಳೆದು ಕಾರಿಗೆ ಸುದ್ದಿ ಮುಟ್ಟಿಸುವ ಸೆನ್ಸರು ಇರುವುದು ಆ ಲೋಹದ ವಾಲ್ವಿನ ಬುಡದಲ್ಲಿ. ನಾಲ್ಕೂ ಇಲ್ಲೇ ಉಳಿದಿವೆ! ಹಿಮದ ದಾರಿಯಲ್ಲಿ ನಿಜವಾಗಿ ಗಾಳಿ ಇಳಿದರೆ ಆ ಅಕ್ಕತಂಗಿಯರಿಗೆ ಹೇಳುವವರು ಯಾರು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು ಎಂದು ಶೈಲಾಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಪದ್ಮಾವತಿ ಬಂದು ಸ್ಟೀರಿಂಗ್ ಮುಂದೆ ಕೂತರು. ಶೈಲಾ ಕಿಟಕಿಯಿಂದ ಕೈ ಹಾಕಿ ಬೊಟ್ಟು ಕಿತ್ತಳು.

"ತಪ್ಪಾತ್ರಿ ಮೇಡಂ. ಗಾಳಿ ನೋಡೋ ಸೆನ್ಸರ್ ಹಳೇ ಚಕ್ರದಾಗ ಉಳದಾವ್ರಿ, ನಾ ನೋಡ್ಲಿಲ್ಲ. ಎರಡು ತಾಸು ಕೊಡ್ರಿ, ಇದಕ್ಕ ಹಾಕಿ ಕೊಡ್ತೀನಿ."

ಬಾಲಾಜಿ ಹಣೆ ಚಚ್ಚಿಕೊಂಡ. ಪದ್ಮಾವತಿ ಅವಳ ಬೆರಳ ತುದಿಯ ಬೊಟ್ಟನ್ನೇ ನೋಡಿದರು.

"ತಪ್ಪು ಮುಚ್ಚಿಡೋರ್ನ ಬೇಕಾದಷ್ಟು ನೋಡಿದೀನಿ ಕಣಮ್ಮ, ಬಿಚ್ಚಿ ತೋರ್ಸೋರು ಕಮ್ಮಿ. ಮಾಡು, ಕೂತಿರ್ತೀನಿ."

ಮಧ್ಯಾಹ್ನದ ಹೊತ್ತಿಗೆ ದೀಪ ಆರಿತು, ಕಾರು ಹೊರಟಿತು. ಆಡಿದ ಮಾತಿನಂತೆ ಬಾಲಾಜಿ ಅವಳನ್ನು ತೊಟ್ಟಿಗೇ ಕಳಿಸಿದ.

ಹತ್ತು ದಿನದ ಮೇಲೆ ಅಂಗಡಿಗೆ ಫೋನು ಬಂತು. ಪದ್ಮಾವತಿಯವರ ದನಿ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು.

"ಶೈಲಾಗೆ ಹೇಳಪ್ಪ. ಬೆಳಿಗ್ಗೆ ಘಾಟಿ ಹತ್ತೋಕೆ ಮುಂಚೆ ದೀಪ ಹತ್ಕೊಂತು. ನೋಡಿದ್ರೆ ಮುಂದಿನ ಚಕ್ರದಲ್ಲಿ ಮೊಳೆ! ಪಂಕ್ಚರ್ ಹಾಕಿಸ್ಕೊಂಡು ಹೊರಟ್ವಿ. ಆ ಹುಡ್ಗಿ ಇಲ್ದಿದ್ರೆ ನಾವು ಕಂದಕದಲ್ಲಿ ಇರ್ತಿದ್ವಿ."

ಬಾಲಾಜಿ ಫೋನು ಇಟ್ಟ. ಆಮೇಲೆ ಗಲ್ಲಾ ತೆರೆದು ಬೊಟ್ಟಿನ ಹಾಳೆ ತೆಗೆದ. ತೊಟ್ಟಿಯ ಹತ್ತಿರ ಬಂದು ಅದನ್ನು ಅವಳ ಒದ್ದೆ ಕೈಗಿಟ್ಟ.

"ಹಣೆಗಿಟ್ಕೋ," ಎಂದ. "ಆಮೇಲೆ ಆ ಬಿಳಿ ಕಾರ್ ಒಳಗ್ ತಗೋ."