ಗುಫ್ರಾನನ ಗಡ್ಡಕ್ಕೆ ಸುರಮಾ

ಖುರ್ಷೀದ್ ಬೇಗಂ ಅವರ ಮನೆಯಲ್ಲಿ ಒಂದು ವಾರದಿಂದ ಬೆಳ್ಳುಳ್ಳಿ ಗಡ್ಡೆಗಟ್ಟಲೆ ಮುಗಿಯುತ್ತಿತ್ತು. ಆದರೆ ಒಂದು ಎಸಳೂ ಸಾರಿಗೆ ಬೀಳುತ್ತಿರಲಿಲ್ಲ. ಎಲ್ಲವೂ ಮಗ ಗುಫ್ರಾನನ ಗಡ್ಡಕ್ಕೇ ಹೋಗುತ್ತಿತ್ತು.

ಇಪ್ಪತ್ನಾಲ್ಕರ ಹುಡುಗ, ಶಹಾಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಗಡ್ಡದಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಕೂದಲು ಉದುರಿ ನುಣ್ಣಗಾಗಿತ್ತು. ಮುಂಗೈ ಮೇಲೆ ಇನ್ನೊಂದು, ಮೊಣಕಾಲ ಕೆಳಗೆ ಮತ್ತೊಂದು. ತುರಿಕೆಯಿಲ್ಲ, ನೋವಿಲ್ಲ. ನೋವು ಶುರುವಾದದ್ದು ತಾಯಿ ಬೆಳ್ಳುಳ್ಳಿ ತಿಕ್ಕಿದ ಮೇಲೆ.

ತಾಯಿಯ ಜೀವ ಬಾಯಿಗೆ ಬಂದಿತ್ತು. ಶುಕ್ರವಾರ ಹಳದಿ ಶಾಸ್ತ್ರ, ಭಾನುವಾರ ನಿಕಾಹ್. ಹುಡುಗಿ ಆಸ್ಫಿಯಾಳ ಕಡೆಯ ಹೆಂಗಸರು ಕಮಲಾಪುರದಿಂದ ಬಂದು ವರನ ಮುಖ, ಕೈ, ಕಾಲಿಗೆಲ್ಲ ಅರಿಶಿನ ತಿಕ್ಕುವವರು. ಈ ಬೋಳು ಅವರ ಕಣ್ಣಿಗೆ ಬಿದ್ದರೆ ಸಂಬಂಧ ಮುರಿದೇ ಹೋಯಿತು ಎಂದು ಆಕೆಗೆ ಊಟ ಸೇರುತ್ತಿರಲಿಲ್ಲ.

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಪಂಚಶೀಲಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಹುಡುಗಗ ಒಗ್ಗರಣಿ ಹಾಕಾಕತ್ತೀರೇನು?"

"ಹಲ್ಲಿ ನೆಕ್ಕ್ಯದ, ಅದಕ್ಕೇ ಕೂದಲು ಉದುರ್ಯಾವ, ಪಂಚಶೀಲಾ. ಇಲ್ಲಾಂದ್ರ ಯಾರದೋ ನಜರ್ ಬಿದ್ದದ."

"ಹಲ್ಲಿಗಿ ಅಷ್ಟು ಪುರಸೊತ್ತು ಎಲ್ಲದರೀ? ಗಡ್ಡ ನೆಕ್ಕಿ, ಕೈ ನೆಕ್ಕಿ, ಕಾಲಿಗಿ ಇಳೀತೇನು?" ಪಂಚಶೀಲಾ ಹತ್ತಿರ ಕೂತು ನೋಡಿದಳು. "ರೋಗದ ಕೂಡ ಹೋರಾಡೋ ಶಕ್ತಿ ನಮ್ಮ ಮೈಯಾಗ ಇರ್ತದಲ್ಲ, ಅದು ಒಮ್ಮೊಮ್ಮೆ ದಾರಿ ತಪ್ಪಿ ಕೂದಲ ಬೇರಿಗೇ ವೈರಿ ಆಗ್ತದ. ಆಗ ಹಿಂಗ ಅಲ್ಲಲ್ಲಿ ಉದರ್ತಾವ. ಹರೇದ ಹುಡುಗ್ರು, ಹುಡುಗೇರು, ಇಬ್ಬರಿಗೂ ಆಗ್ತದ. ಖರೇನ ಅದೇ ಅದನೋ ಇಲ್ಲೋ ಚರ್ಮದ ಡಾಕ್ಟರೇ ಹೇಳಬೇಕು."

"ನಾಳೆ ಸೊಸಿಗಿ ಅಂಟಿದ್ರ?"

"ಅದೇ ಇದ್ರ ಅಂಟಂಗಿಲ್ರೀ. ಭಾಳ ಮಂದಿಗಿ ತಿಂಗಳಾನುಗಟ್ಟಲೆ ಆದಮ್ಯಾಲ ಮತ್ತ ಬರ್ತಾವ. ಒಮ್ಮೊಮ್ಮೆ ಬಂದು ಹೋಗಿ ಮಾಡ್ತಾವ. ನೀವು ಬೆಳ್ಳುಳ್ಳಿ ತಿಕ್ಕಿ ತೊಗಲು ಸುಡಬ್ಯಾಡ್ರಿ."

"ಅಮ್ಮೀ, ಹುಡುಗಿ ಕಡೆಯವ್ರಿಗಿ ಹೇಳಿಬಿಡೋಣ," ಎಂದ ಗುಫ್ರಾನ್.

"ಬಾಯಿ ಮುಚ್ಚು! ನಿಕಾಹ್ ಆಗಲಿ, ಆಮ್ಯಾಲ ಹೇಳೋಣ."

ಶುಕ್ರವಾರ ಬೆಳಿಗ್ಗೆ ಖುರ್ಷೀದ್ ಸುರಮಾದಾನಿ ಹಿಡಿದು ಕೂತರು. ಗಡ್ಡದ ಬೋಳಿಗೆ ಕಣ್ಣಿಗೆ ಹಚ್ಚುವ ಕಪ್ಪು ಸುರಮಾ ಬಳಿದರು. ಕಾಲ ಮೇಲಂತೂ ಕಡ್ಡಿಯಿಂದ ಒಂದೊಂದೇ ಕೂದಲು ಬರೆದರು. ಬರೆದು ಮುಗಿಸಿ, ದೂರ ನಿಂತು ನೋಡಿ, "ಸುಭಾನಲ್ಲಾ," ಎಂದು ತಮಗೆ ತಾವೇ ಶಹಬ್ಬಾಸ್ ಕೊಟ್ಟುಕೊಂಡರು.

ಮಧ್ಯಾಹ್ನ ಕಮಲಾಪುರದವರು ಬಂದರು. ಆಸ್ಫಿಯಾಳ ಸೋದರತ್ತೆ ಅಕ್ಬರಿ ಬೇಗಂ ಗಟ್ಟಿ ಕೈಯವರು. ಬಟ್ಟಲು ತುಂಬ ಅರಿಶಿನ ತೆಗೆದು ವರನ ಕೆನ್ನೆಗೆ ಪಾತ್ರೆ ತಿಕ್ಕಿದಂತೆ ತಿಕ್ಕಿದರು. ಹಳದಿಗೆ ಸುರಮಾ ಕೂಡಿ ಗುಫ್ರಾನನ ಅರ್ಧ ಮುಖ ಪಾಚಿ ಬಣ್ಣಕ್ಕೆ ತಿರುಗಿತು. ಅಕ್ಬರಿ ಬೇಗಂ ತಮ್ಮ ಅಂಗೈ ನೋಡಿಕೊಂಡು ಚೀರಿದರು.

"ಯಾ ಅಲ್ಲಾ! ಹುಡುಗನ ಗಡ್ಡ ನನ್ನ ಕೈಗಿ ಬಂತು!"

ಹಾಡುತ್ತಿದ್ದ ಹೆಂಗಸರೆಲ್ಲ ಸುತ್ತ ನೆರೆದರು. ಖುರ್ಷೀದ್ ಅಲ್ಲೇ ಅತ್ತುಬಿಟ್ಟರು. ಹಲ್ಲಿ, ನಜರ್, ಸುರಮಾ, ಒಂದೂ ಬಿಡದೆ ಹೇಳಿದರು. ಹಳದಿಗೆ ಬಂದಿದ್ದ ಪಂಚಶೀಲಾ ಮುಂದೆ ಬಂದು ಮತ್ತೆ ಎಲ್ಲ ವಿವರಿಸಿದಳು. ಅಕ್ಬರಿ ಬೇಗಂ ಕೈ ಒರೆಸಿಕೊಂಡರು. ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟು, ಆಸ್ಫಿಯಾಳಿಗೆ ವಿಷಯ ತಿಳಿಸಿದರು.

ಆಚೆ ಕಡೆ ಮೊದಲು ನಗು ಕೇಳಿತು. ಆಮೇಲೆ ಆಸ್ಫಿಯಾ ತನ್ನ ಅತ್ತೆಯಾಗಲಿರುವ ಖುರ್ಷೀದ್ ಅವರನ್ನೇ ಕೇಳಿದಳು.

"ಅತ್ತೀ, ನಾಲ್ಕು ಕೂದಲು ಹೋಗ್ಯಾವ ಅಂದ್ರ ನಾ ಬ್ಯಾಡ ಅಂತಿದ್ದೆನೇನು? ಆದ್ರ ಒಂದು ಮಾತು ಹೇಳ್ರಿ. ನಾಳೆ ನಿಮ್ಮ ಮನಿಯಾಗ ನನಗ ಏನರ ಆದ್ರ, ನಾನೂ ಹಿಂಗೇ ಮುಚ್ಚಿಕೊಂಡು ಕೂಡಬೇಕೇನು?"

ಖುರ್ಷೀದ್‌ಗೆ, ಸೊಸೆ ಮನೆಗೆ ಬರುವ ಮೊದಲೇ ನನ್ನ ತಪ್ಪು ತಿಳಿಸಿದಳಲ್ಲ ಎಂದು ನಾಚಿಕೆಯಾಯಿತು, ಸಮಾಧಾನವೂ ಆಯಿತು. "ಇಲ್ಲ ಬೇಟಿ," ಎಂದರು. "ನಿನಗ ಏನರ ಆದ್ರ ನಾನೇ ಕೈ ಹಿಡಿದು ಆಸ್ಪತ್ರೆಗಿ ಒಯ್ತೇನಿ. ನಾಳೆ ಇವನ್ನ ಒಯ್ತೇನಿ."

ಶನಿವಾರ, ಮದುವೆ ಮನೆಯ ನೂರು ಕೆಲಸ ಬಿಟ್ಟು, ಮಗನನ್ನು ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ಪಂಚಶೀಲಾ ಊಹಿಸಿದ್ದೇ ಹೌದು ಎಂದರು. ಬೆಳ್ಳುಳ್ಳಿಯಿಂದ ಸುಟ್ಟ ಚರ್ಮ ಮೊದಲು ಮಾಯಲಿ, ಆಮೇಲೆ ಔಷಧಿ ಎಂದರು. ಭಾನುವಾರ ಗುಫ್ರಾನ್ ಬೋಳು ಕಾಣುವಂತೆಯೇ ಕೂತು ನಿಕಾಹ್ ಮಾಡಿಕೊಂಡ. ಬಿರಿಯಾನಿ ಮುಂದಿದ್ದಾಗ ಆ ಗಡ್ಡ ಯಾರು ನೋಡಿದರು!

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹರೆಯದವರಿಗೂ ತಲೆ, ಹುಬ್ಬು, ಗಡ್ಡ, ಕೈಕಾಲಿನ ಕೂದಲು ಹೀಗೆ ಅಲ್ಲಲ್ಲಿ ಉದುರಿದರೆ ಬೆಳ್ಳುಳ್ಳಿ ತಿಕ್ಕಬೇಡಿ, ಅವರಿವರ ಮಾತು ಕೇಳಿ ಅಂಗಡಿಯ ಮುಲಾಮು ಹಚ್ಚಬೇಡಿ. ತುರಿಕೆ, ಹೊಟ್ಟು, ಕೀವು ಇದ್ದರೆ, ಅಥವಾ ಮುಟ್ಟಿದರೆ ಅರಿವಾಗದ ಮಚ್ಚೆ ಇದ್ದರೆ ಅದು ಬೇರೆ ರೋಗವಿರಬಹುದು, ಅದಕ್ಕೂ ಚಿಕಿತ್ಸೆ ಇದೆ, ತಡಮಾಡಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಕೂದಲು ಮರಳಿ ಬರಲಿ, ಬಾರದಿರಲಿ, ಆ ಹುಡುಗ ಅಥವಾ ಹುಡುಗಿ ಮನೆಯವರ ಮುಂದೆಯೇ ಮುಖ ಮುಚ್ಚಿಕೊಳ್ಳುವ ಹಾಗೆ ಮಾತ್ರ ಮಾಡಬೇಡಿ.